ವೈಂಡಿಂಗ್ ಅಂಗಡಿಯಲ್ಲಿ ವಿಕಿ: ನನ್ನ ಅನುಭವ

ಮಂಡ್ಯದಲ್ಲಿ ನಮ್ಮದು ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ನಿಂತಿತು ಅಂದ್ರೆ ಬೋರ್‌ವೆಲ್ ಮೋಟಾರ್‌ಗಳು ಒಂದರ ಹಿಂದೆ ಒಂದು ಸುಟ್ಟು ಬರುತ್ತವೆ. ಪ್ರತಿ ಮೋಟಾರಿನ ಸ್ಲಾಟ್ (ತಂತಿ ಕೂರುವ ಸಂದು), ಪಿಚ್ (ಒಂದು ಸುರುಳಿ ಎಷ್ಟು ಸ್ಲಾಟ್ ದಾಟುತ್ತದೆ ಅನ್ನುವುದು), ಗೇಜ್ (ತಂತಿಯ ದಪ್ಪ), ಟರ್ನ್ಸ್ (ಸುತ್ತುಗಳ ಲೆಕ್ಕ) ಮೊದಲು ಡೈರಿಯಲ್ಲಿ ಇರುತ್ತಿತ್ತು. ಈಗ ಅಷ್ಟೂ ಡೋಕುವಿಕಿಯಲ್ಲಿದೆ (ವಿಕಿ ಅಂದರೆ ಹಲವರು ಸೇರಿ ಬ್ರೌಸರಿನಲ್ಲೇ ಪುಟ ಬರೆದು ತಿದ್ದುವ ತಂತ್ರಾಂಶ), ಎರಡು ಸಾವಿರ ಪುಟದ ಹತ್ತಿರ ಇರಬಹುದು. "ಗ್ರೀಸ್ ಕೈಯಲ್ಲಿ ಯಾರಪ್ಪ ಟೈಪ್ ಮಾಡ್ತಾರೆ" ಅಂದವರೇ ಇವತ್ತು ಫೋನ್ ಮಾಡಿ ಡೇಟಾ ಕೇಳುತ್ತಾರೆ. ಇನ್‌ಸ್ಟಾಲ್ ಮಾಡುವ ಬಗೆ ಇಲ್ಲಿ ಬರೆಯುತ್ತಿಲ್ಲ, ನನ್ನ ಅನುಭವ ಮಾತ್ರ.

ಮೊದಲು ಹಾಕಿದ್ದು ಮೀಡಿಯಾವಿಕಿ (ವಿಕಿಪೀಡಿಯ ಓಡುವುದು ಇದರ ಮೇಲೇ), ಬಾಡಿಗೆ ಸರ್ವರ್ ಮೇಲೆ. ತಿಂಗಳಿಗೆ ಐನೂರು ರೂಪಾಯಿ ಹತ್ತಿರ. ಎಲ್ಲ ಮೋಟಾರಿಗೂ ಒಂದೇ ನಮೂನೆಯ ಪುಟ ಕೊಡುವ ಟೆಂಪ್ಲೇಟ್ ಚೆನ್ನಾಗಿ ಕೂತಿತು. ಆದರೆ ಕರೆಂಟ್ ಹೋದರೆ ನೆಟ್ ಹೋಗುತ್ತಿತ್ತು, ನೆಟ್ ಹೋದರೆ ಕೆಲಸ ನಿಲ್ಲುತ್ತಿತ್ತು. ಪ್ರತಿ ಅಪ್‌ಗ್ರೇಡ್‌ಗೂ ಯಾವುದಾದರೂ ಒಂದು ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸಿದ ಭಾಗ) ಕೈಕೊಡುತ್ತಿತ್ತು. ಏಳೆಂಟು ಸಾವಿರ ಕಳೆದ ಮೇಲೆ ನಿಲ್ಲಿಸಿದೆ.

ಆಮೇಲೆ ಟಿಡ್ಲಿವಿಕಿ. ಒಬ್ಬರೇ ಬಳಸುವುದಾದರೆ ಇದಕ್ಕೆ ಸಾಟಿ ಇಲ್ಲ. ನಮ್ಮ ಕಬ್ಬಿನ ಗದ್ದೆಯ ಲೆಕ್ಕ ಈಗಲೂ ಅದರಲ್ಲೇ ಇಟ್ಟಿದ್ದೇನೆ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್ ಅಲ್ವಾ, ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ತೆರೆದರೆ ಕೊನೆಗೆ ಸೇವ್ ಮಾಡಿದವನದ್ದು ಮಾತ್ರ ಉಳಿಯುತ್ತದೆ. ಹೀಗೆ ಸುಮಾರು ಎಂಟ್ರಿಗಳು ಹೋದವು. ಹುಡುಗರು ಬೇಜಾರಾಗಿ ಮತ್ತೆ ಡೈರಿ ಹಿಡಿದರು. ಅವರನ್ನು ವಾಪಸ್ ವಿಕಿಗೆ ತರುವುದಿತ್ತಲ್ಲ, ಸಾಫ್ಟ್‌ವೇರ್‌ಗಿಂತ ಅದೇ ಜಾಸ್ತಿ ಕಷ್ಟವಾಯಿತು.

ಕೊನೆಗೆ ಬಂದದ್ದು ಡೋಕುವಿಕಿಗೆ. ಇದನ್ನು ಆಂಡ್ರಿಯಾಸ್ ಗೋರ್ 2004ರಲ್ಲಿ ಶುರು ಮಾಡಿದ್ದು. ಡೇಟಾಬೇಸ್ ಇಲ್ಲ, ಒಂದು ಪುಟಕ್ಕೆ ಒಂದು ಟೆಕ್ಸ್ಟ್ ಫೈಲ್. ಒಬ್ಬ ತಿದ್ದುತ್ತಿದ್ದರೆ ಇನ್ನೊಬ್ಬನಿಗೆ ಪುಟ ಲಾಕ್ ಆಗುತ್ತದೆ, ಸೆಟ್ಟಿಂಗ್ ಮುಟ್ಟದಿದ್ದರೆ 15 ನಿಮಿಷ. ಮೊದಲು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಓಡಿಸಿದೆ. ಕರೆಂಟ್ ಹೋಗಿ ಬಂದು ಮೆಮೊರಿ ಕಾರ್ಡ್‌ಗಳು ಸತ್ತವು, ಅಲ್ಲೊಂದು ಆರು ಸಾವಿರ ಹೋಯಿತು. ಆದರೂ ಕೆಟ್ಟ ಕಾರ್ಡಿನಿಂದ ಫೈಲ್‌ಗಳನ್ನು ಎತ್ತಿ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹೆಚ್ಚುಕಮ್ಮಿ ಎಲ್ಲವೂ ಓದಲು ಬಂತು. ಇದೇ ಸರಿ ಅಂತ ಅವತ್ತೇ ತೀರ್ಮಾನ ಮಾಡಿದೆ. ಈಗ ನಾಲ್ಕು ಸಾವಿರದ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ (ಆಫೀಸುಗಳಲ್ಲಿ ಬಳಸುವ ಸಣ್ಣ ಕಂಪ್ಯೂಟರ್), ಒಂದು ಎಸ್‌ಎಸ್‌ಡಿ, ಒಂದು ಸಣ್ಣ ಯುಪಿಎಸ್. ಅಂಗಡಿಯ ವೈಫೈನಲ್ಲೇ ಓಡುತ್ತದೆ, ನೆಟ್ ಬೇಡ.

ಕನ್ನಡದಲ್ಲಿ ಪುಟದ ಹೆಸರು ಇಡುವವರು ಇದನ್ನು ಗಮನಿಸಿ. ಡೋಕುವಿಕಿ ಫೈಲ್ ಹೆಸರನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿ, ಅಂದರೆ ಶೇಕಡಾ ಗುರುತು ಮತ್ತು ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಬರೆಯುತ್ತದೆ. ಆಗ ಕನ್ನಡದ ಒಂದೊಂದು ಚಿಹ್ನೆಗೂ ಒಂಬತ್ತು ಅಕ್ಷರ ಹಿಡಿಯುತ್ತದೆ. ಕಾಗುಣಿತದ ಗುರುತೂ ಒಂದು ಚಿಹ್ನೆಯೇ, ಹಾಗಾಗಿ ಆರು ಚಿಹ್ನೆಯ 'ಮೋಟಾರ್' ಅನ್ನುವ ಪದ ಒಂದಕ್ಕೇ 54. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255. ಹಳೇ ಆವೃತ್ತಿಗಳ ಹೆಸರಿಗೆ ಸಮಯದ ಅಂಕಿ ಬೇರೆ ಸೇರುತ್ತದೆ. ಹಾಗಾಗಿ 25 ಚಿಹ್ನೆ ದಾಟಿತು ಅಂದ್ರೆ ತೊಂದರೆ ಶುರು. ಫೈಲ್ ಹೆಸರಿನ ಎನ್‌ಕೋಡಿಂಗ್ ಸೆಟ್ಟಿಂಗನ್ನು ಯುಟಿಎಫ್-8 (ಕನ್ನಡ ಅಕ್ಷರವನ್ನು ಹಾಗೇ ಬರೆಯುವ ಬಗೆ) ಮಾಡಿಬಿಡಿ, ಅದೂ ಮೊದಲ ಪುಟ ಬರೆಯುವ ಮುಂಚೆಯೇ.

ಹುಡುಕುವಾಗ ನಕ್ಷತ್ರ ಚಿಹ್ನೆ ಬಿಡಬೇಡಿ. 'ಕಾಲುವೆ' ಅಂತ ಕೊಟ್ಟರೆ 'ಕಾಲುವೆಯ' ಸಿಗುವುದಿಲ್ಲ, 'ಕಾಲುವೆ*' ಅಂದರೆ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಗಿರಾಕಿ ಪಟ್ಟಿಯನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತು ಇರುವ ಕಡೆ ಒಂದಷ್ಟು ಕೆಟ್ಟವು. ಅವನ್ನು ಕೈಯಲ್ಲೇ ತಿದ್ದಿದೆವು.

ನಡುವೆ ಮೋಟಾರಿಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ನೋಡಿದೆ. ಸ್ಕ್ಯಾನ್ ಮಾಡಿದರೆ ಪುಟ ತೆರೆಯಬೇಕು ಅನ್ನುವ ಆಸೆ. ಬೋರ್‌ವೆಲ್ ನೀರಿಗೆ ಇಳಿದು ಮೇಲೆ ಬರುವಾಗ ಸ್ಟಿಕ್ಕರ್ ಎಲ್ಲಿ ಉಳಿಯುತ್ತದೆ? ಲ್ಯಾಮಿನೇಷನ್, ಅರಾಲ್ಡೈಟ್ ಎರಡೂ ಆಯಿತು, ಯಾವುದೂ ನಿಲ್ಲಲಿಲ್ಲ. ಕೊನೆಗೆ ನಂಬರ್ ಪಂಚ್ ತೆಗೆದುಕೊಂಡು ಬಾಡಿ ಮೇಲೇ ಸುತ್ತಿಗೆಯಲ್ಲಿ ಹೊಡೆದೆ. ಆ ನಂಬರೇ ವಿಕಿಯಲ್ಲಿ ಪುಟದ ಹೆಸರು. ನಂಬರನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತೇನೆ ಅನ್ನುವುದು ಅಂಗಡಿಯ ಗುಟ್ಟು, ಇಲ್ಲಿ ಹೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಇದರ ಬೆಲೆ ಗೊತ್ತಾಯಿತು. ಮೂರ್ನಾಲ್ಕು ವರ್ಷದ ಹಿಂದೆ ನಾವೇ ಸುತ್ತಿದ್ದ 7.5 ಎಚ್‌ಪಿ, 24 ಸ್ಲಾಟಿನ ಮೋಟಾರ್ ಸುಟ್ಟು ಬಂತು. ನಡುವೆ ಬೇರೆ ಎಲ್ಲೋ ಒಮ್ಮೆ ಸುತ್ತಿಸಿದ್ದಾರೆ, ಅಲ್ಲಿ ತೆಳು ವೈರ್ ಹಾಕಿಬಿಟ್ಟಿದ್ದಾರೆ. ಒಳಗಿದ್ದ ವೈರ್ ನೋಡಿ ಸುತ್ತಿದ್ದರೆ ಮತ್ತೆ ಸುಡುವುದೇ. ತಾಮ್ರದ ವೈರ್ ಕೆಜಿಗೆ ಸಾವಿರದ ಆಸುಪಾಸು ಇದ್ದಾಗ ಒಂದು ಮೋಟಾರ್ ತಿರುಗಿ ಬಂದರೆ ನಾಲ್ಕೈದು ಸಾವಿರ ನಮ್ಮ ತಲೆ ಮೇಲೆ ಬೀಳುತ್ತಿತ್ತು. ಪಂಚ್ ನಂಬರ್ ಹಾಕಿದ್ದೇ ತಡ, ಮೂಲ ಗೇಜ್, ಟರ್ನ್ಸ್ ಎರಡೂ ಪರದೆ ಮೇಲೆ ಬಂದವು. ಯಾರು ಬರೆದರು, ಯಾವಾಗ ತಿದ್ದಿದರು ಅನ್ನುವುದೂ ಹಳೇ ಆವೃತ್ತಿಯಲ್ಲಿ ಇತ್ತು. ಆ ಸೀಸನ್ನಿನಲ್ಲಿ ಹೀಗೆ ಉಳಿದದ್ದು ಮೂವತ್ತು ಸಾವಿರಕ್ಕೆ ಕಡಿಮೆ ಇಲ್ಲ. ಹಾಕಿದ ದುಡ್ಡೆಲ್ಲ ಬಂತು.

ಬ್ಯಾಕಪ್ ಅಂದರೆ ಫೋಲ್ಡರ್ ಕಾಪಿ, ಅಷ್ಟೇ. ರಾತ್ರಿ ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಪ್ರೋಗ್ರಾಂ ಓಡಿ ಎರಡನೇ ಡಿಸ್ಕಿಗೆ ಹೋಗುತ್ತದೆ. ವಾರಕ್ಕೊಮ್ಮೆ ಮೈಸೂರಿನ ತಮ್ಮನ ಮನೆಗೆ ಒಂದು ಪೆನ್‌ಡ್ರೈವ್.

ಪಕ್ಕದ ಬೀದಿಯ ಎರಡು ಅಂಗಡಿಯವರು ಈಗ ಲಾಗಿನ್ ಕೇಳಿದ್ದಾರೆ. ಸದ್ಯಕ್ಕೆ ಓದುವ ಹಕ್ಕು ಮಾತ್ರ ಕೊಟ್ಟಿದ್ದೇನೆ, ಅದೂ ಓಪನ್‌ವೆಲ್ (ತೆರೆದ ಬಾವಿಯ) ಮೋಟಾರ್‌ಗಳ ನೇಮ್‌ಸ್ಪೇಸಿಗೆ, ಅಂದರೆ ಆ ಪುಟಗಳ ಗುಂಪಿಗೆ ಮಾತ್ರ. ಅವರ ಡೈರಿಯ ಪುಟಗಳ ಫೋಟೋ ಕಳಿಸಿದರೆ ನಮ್ಮ ಹುಡುಗರು ವಿಕಿಗೆ ಏರಿಸುತ್ತಾರೆ. ಅದು ಒಂದು ಹಂತಕ್ಕೆ ಬಂದ ಮೇಲೆ ತಿದ್ದುವ ಹಕ್ಕೂ ಕೊಡುತ್ತೇನೆ ಅಂದಿದ್ದೇನೆ.