ಚೀಲದ ಕಾಂಕ್ರೀಟಿನ ಅಡುಗೆ ಕಟ್ಟೆ: ಬಿರುಕು ನಿಂತದ್ದು ಹೀಗೆ

ಬದಿಯಡ್ಕದ ನಮ್ಮ ಮನೆಗೆ ಎರಡು ಸಲ ಕಟ್ಟೆಯ ಹಲಗೆ ಎರಕ ಹೊಯ್ದೆ, ಸಿಮೆಂಟ್, ಮರಳು, ಜಲ್ಲಿ ಮೊದಲೇ ಬೆರೆಸಿ ಚೀಲದಲ್ಲಿ ಬರುವ, ನೀರು ಮಾತ್ರ ಸೇರಿಸುವ ಒಣ ಮಿಶ್ರಣದಿಂದ. ಎರಡೂ ಸಲ ಮರುದಿನವೇ ಕೂದಲೆಳೆಯಂಥ ಬಿರುಕು. ಮೇಲೆ ಸೂಜಿತೂತುಗಳು, ಉಜ್ಜಿದರೆ ಧೂಳು.

ತೂತಿಗೆ ಸಿಮೆಂಟ್ ಹಾಲು ಬಳಿದೆ, ಸಿಪ್ಪೆಯಂತೆ ಎದ್ದಿತು. ಚೀಲಕ್ಕೆ ಬೇರೆ ಸಿಮೆಂಟ್ ಸೇರಿಸಿದೆ, ಬಿರುಕು ಜಾಸ್ತಿಯಾಯಿತು. ಕಬ್ಬಿಣ ಹೆಚ್ಚಿಸಿದ್ದೂ ಸುಮ್ನೆ.

ತಪ್ಪಿದ್ದದ್ದು ನೀರಿನಲ್ಲಿ. ಸುರಿಯಲು ಸುಲಭ ಅಂತ ನಾನು ತೆಳ್ಳಗೆ ಕಲಸುತ್ತಿದ್ದೆ. ಈ ಸಲ 40 ಕಿಲೋ ಚೀಲಕ್ಕೆ ಅಳೆದು 3 ಲೀಟರ್ ಇಟ್ಟುಕೊಂಡೆ. ಮೊದಲು ಎರಡೂವರೆ ಲೀಟರ್ ಹಾಕಿ 5 ನಿಮಿಷ ಕಲಸಿದೆ, ಉಳಿದದ್ದನ್ನು ಚೂರುಚೂರೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ನಿಮ್ಮ ಚೀಲದ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ.

ಅಚ್ಚು 50 ಮಿಲಿಮೀಟರ್ ಆಳ. ಅರ್ಧ ತುಂಬಿಸಿ ಒತ್ತಿ, ಜಾಲರಿ ಇಟ್ಟು, ಮತ್ತೆ ತುಂಬಿಸಿ. ಗುಳ್ಳೆ ಏಳುವುದು ನಿಲ್ಲುವವರೆಗೆ ಬದಿಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಮೇಲೆ ತೇಲಿದ ನೀರು ಆರುವ ಮೊದಲು ಕರಣೆ ಆಡಿಸಬೇಡಿ, ಧೂಳು ಏಳುವುದು ಅದರಿಂದಲೇ.

ಗಟ್ಟಿಯಾದ ಕೂಡಲೇ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್, 7 ದಿನ. ಅಚ್ಚು ಬಿಚ್ಚಿದ್ದು 4ನೇ ದಿನ, ಗೋಣಿ ಮತ್ತೆ ಹೊದೆಸಿದೆ. ಸೀಲರ್ (ನೀರು, ಕಲೆ ಇಳಿಯದಂತೆ ಬಳಿಯುವ ಲೇಪ) 28 ದಿನದ ನಂತರ. ಆದರೂ ಪುನರ್ಪುಳಿ, ಲಿಂಬೆರಸ ಚೆಲ್ಲಿದರೆ ಕೂಡಲೇ ಒರೆಸಿ, ಹುಳಿ ಸಿಮೆಂಟನ್ನು ತಿನ್ನುತ್ತದೆ.