ಪರೀಕ್ಷೆಯಲ್ಲಿ ಕಥೆಯ ವಿಮರ್ಶೆ: ಸಾರಾಂಶ ಬೇಡ

ಪಿಯುಸಿ, ಪದವಿ ಪರೀಕ್ಷೆ ಬರೆಯುವ ಮಕ್ಕಳ ಗಮನಕ್ಕೆ. ಕಥೆಗಾರ್ತಿ ಕೊಡಗಿನ ಗೌರಮ್ಮನವರು ಬರೆದ ಕಥೆಯ ಮೇಲೆ ಪ್ರಶ್ನೆ ಬಂದರೆ ‘1912ರಲ್ಲಿ ಮಡಿಕೇರಿಯಲ್ಲಿ ಜನಿಸಿದರು’ ಎಂದು ಶುರುಮಾಡಿ ಅರ್ಧ ಪುಟ ತುಂಬಿಸಬೇಡಿ. ನಮ್ಮೂರಿನವರೆಂಬ ಅಭಿಮಾನ ಸರಿಯೇ, ಅದಕ್ಕೆ ಅಂಕ ಸಿಗುವುದಿಲ್ಲ. ಕಥಾಸಾರವೂ ಬೇಡ, ಮೌಲ್ಯಮಾಪಕರು ಕಥೆ ಓದಿಯೇ ಕುಳಿತಿರುತ್ತಾರೆ.

ಮೊದಲ ವಾಕ್ಯದಲ್ಲೇ ನಿಮ್ಮ ನಿಲುವು ಬರಲಿ: ‘ಇಲ್ಲಿ ನಾಯಕಿಯ ಮೌನವೇ ಸಮಾಜಕ್ಕೆ ಹಾಕಿದ ಪ್ರಶ್ನೆ’ ಎಂಬಂತೆ. ಬಳಿಕ ಪಠ್ಯದಿಂದ ಪುಟ್ಟ ಸಾಲೊಂದನ್ನು ಎತ್ತಿಕೊಂಡು, ಲೇಖಕಿ ಆ ಪದವನ್ನೇ ಏಕೆ ಆರಿಸಿದರು, ಕಥೆಯನ್ನು ಯಾರು ಹೇಳುತ್ತಿದ್ದಾರೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಎಂದು ಬಿಡಿಸಿ. ಸಾಲು ನೆನಪಿಲ್ಲದಿದ್ದರೆ ಭಾವವನ್ನು ಸ್ವಂತ ಮಾತಿನಲ್ಲಿ ಹೇಳಿ, ಉದ್ಧರಣ ಚಿಹ್ನೆಯೊಳಗೆ ಕಲ್ಪಿಸಿ ಬರೆಯಬೇಡಿ. ‘ಮನೋಜ್ಞವಾಗಿ ಮೂಡಿಬಂದಿದೆ’ ಎಂಬ ಮಾತನ್ನಂತೂ ದಯವಿಟ್ಟು ಕೈಬಿಡಿ.