ಹಿಂದಿನ ಸೀಟಿನಲ್ಲಿ ಕೂತು ಆರಿಸಿದ ಬೈಕು

ರಾಮೇಶ್ವರದಾಚೆ ಧನುಷ್ಕೋಡಿಯಲ್ಲಿ ರಸ್ತೆ ಮುಗಿಯುವ ಜಾಗದಲ್ಲಿ ಬೈಕ್ ನಿಲ್ಲಿಸಿದಾಗ ಶಿವಮೊಗ್ಗದಿಂದ ಸುಮಾರು 930 ಕಿ.ಮೀ. ಆಗಿತ್ತು. ಹಿಂದೆ ಕೂತಿದ್ದ ಹೆಂಡತಿ ಇಳಿದವಳೇ ಸೊಂಟ ಹಿಡಿದುಕೊಳ್ಳಲಿಲ್ಲ, ಮುಖ ಸಿಂಡರಿಸಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನೇರ ಸಮುದ್ರದ ಕಡೆ ನಡೆದಳು. ನಾನು ಮೊದಲು ಮಾಡಿದ ಕೆಲಸ ಭಾವಮೈದುನನಿಗೆ ಫೋಟೋ ಕಳಿಸಿದ್ದು. ಒಂದು ವರ್ಷದಿಂದ "ಭಾವ, ನಿಮಗೆ ತಲೆ ಕೆಟ್ಟಿದೆ" ಎನ್ನುತ್ತಿದ್ದವನು ಅವನೇ.

ತಲೆ ಕೆಟ್ಟ ಕೆಲಸ ಏನು ಅಂದರೆ, ಈ ಬೈಕ್ ಕೊಳ್ಳುವ ಮುಂಚೆ ನಾನು ಓಡಿಸಿ ನೋಡಿದ್ದಕ್ಕಿಂತ ಹಿಂದೆ ಕೂತು ನೋಡಿದ್ದು ಜಾಸ್ತಿ.

ಅದಕ್ಕೂ ಮೊದಲು ಚೆನ್ನಾಗಿ ದುಡ್ಡು ಕಳೆದಿದ್ದೆ. ಸೆಕೆಂಡ್ ಹ್ಯಾಂಡ್ ಕ್ರೂಸರ್ ಒಂದನ್ನು, ಅಂದರೆ ತಗ್ಗು ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಬೈಕನ್ನು, ಲಕ್ಷದ ಹತ್ತು ಸಾವಿರಕ್ಕೆ ತಂದಿದ್ದೆ. ಯಾವ ಕಂಪನಿ ಅಂತ ಕೇಳಬೇಡಿ. ಮುಂದೆ ಕೂತವನಿಗೆ ಸೋಫಾ. ಹಿಂದೆ ಕೂತವರಿಗೆ ಹಲಗೆ. ಮಂಡಿ ಎದೆಗೆ ಬರುತ್ತಿತ್ತು, ಮೈಭಾರವೆಲ್ಲ ಬೆನ್ನುಮೂಳೆಯ ತುದಿಯ ಮೇಲೆ. ಹಂಪಿಗೆ ಹೊರಟವರು ಚಿತ್ರದುರ್ಗ ದಾಟುವುದರೊಳಗೆ ನಾಲ್ಕು ಸಲ ನಿಲ್ಲಿಸಿದೆವು. ವಾಪಸ್ ಬರುವಾಗ ಇವಳು ಹೊಸಪೇಟೆಯಿಂದ ಬಸ್ ಹತ್ತಿದಳು. ನಾನು ಬಸ್ಸಿನ ಹಿಂದೆ ಬಂದೆ.

ಬೈಕ್ ತಪ್ಪಲ್ಲ, ಸೀಟಿನ ತಪ್ಪು ಅಂದುಕೊಂಡೆ. ಕುಷನ್ ಅಂಗಡಿಯಲ್ಲಿ 2,800 ಕೊಟ್ಟು ಎರಡು ಇಂಚು ಫೋಮ್ ಹಾಕಿಸಿದೆ. ಮಂಡಿ ಸರಿಹೋಯಿತು. ಆದರೆ ತಲೆ ಮೇಲೆ ಹೋಗಿ ಗಾಳಿಗೆ ಸಿಕ್ಕಿತು, ಎಂಬತ್ತರಲ್ಲಿ ಹೆಲ್ಮೆಟ್ ಗಡಗಡ ಅಲುಗಾಡುತ್ತಿತ್ತು. ಆಮೇಲೆ ಜೆಲ್ ಪ್ಯಾಡ್, ನಾಲ್ಕು ಸಾವಿರದ ಹತ್ತಿರ. ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಬಂದು ಕೂತಿದ್ದೇ ತಡ, ಕಾದ ದೋಸೆಕಲ್ಲು. ಕೊನೆಗೆ ಒರಗಿಕೊಳ್ಳಲಿ ಅಂತ ದೊಡ್ಡ ಟಾಪ್ ಬಾಕ್ಸ್ ಕೂರಿಸಿದೆ. ಅದರೊಳಗೆ ಇವಳು ನಾಲ್ಕು ದಿನದ ಬಟ್ಟೆ, ಫ್ಲಾಸ್ಕು, ಚಕ್ಕುಲಿ ಡಬ್ಬ ಎಲ್ಲ ತುಂಬಿದಳು. ಭಾರವೆಲ್ಲ ಹಿಂದಿನ ಚಕ್ರದ ಆಚೆಗೆ ಹೋಗಿ ಮುಂದಿನ ಚಕ್ರ ಹಗುರಾಯಿತು, ಹ್ಯಾಂಡಲ್ ಈಜಲು ಶುರು. ಎಲ್ಲ ಸೇರಿ ಹದಿನೈದು ಸಾವಿರದ ಮೇಲೆ ಹೋಯಿತು. ಬೈಕ್ ಮಾರಿದಾಗ ಬಂದಿದ್ದು 78 ಸಾವಿರ.

ಎಲ್ಲರೂ ಹೇಳಿದ್ದು ಒಂದೇ ಮಾತು: 650 ಸಿಸಿ ಎಂಜಿನ್ನಿನ ದೊಡ್ಡ ಬೈಕ್ ತಗೋ. ಭಾವಮೈದುನನ ಹತ್ತಿರ ಅದೇ ಇದೆ. ಹೈವೇಯಲ್ಲಿ ಇಬ್ಬರನ್ನು ಹೊತ್ತು ನೂರರ ಮೇಲೆ ಉಸಿರೆತ್ತದೆ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಒಂದು ಭಾನುವಾರ ಬೆಳಗ್ಗೆ ಅವನಿಗೇ ಓಡಿಸಲು ಹೇಳಿ ನಾನು ಹಿಂದೆ ಕೂತೆ. ಮಂಡಗದ್ದೆಗೆ ಹೋಗಿ ಬರುವುದು, ಅರುವತ್ತು ಕಿಲೋಮೀಟರ್. ಸಕ್ರೆಬೈಲಿನ ಹತ್ತಿರ ಟೀ ಅಂಗಡಿಯವರು ನಗುತ್ತಿದ್ದರು, ಇಬ್ಬರು ದಪ್ಪ ಗಂಡಸರು ಒಂದೇ ಬೈಕಲ್ಲಿ.

ನಾನು ನೋಡಿದ್ದು ಮೂರೇ. ಒಂದು, ಎಷ್ಟು ನಿಮಿಷಕ್ಕೆ ಮೊದಲ ಸಲ ಸರಿದು ಕೂತೆ. ಎರಡು, ಗೇರ್ ಬದಲಿಸುವಾಗ, ಹಂಪ್ ಇಳಿಯುವಾಗ ಹೆಲ್ಮೆಟ್ಟಿಗೆ ಹೆಲ್ಮೆಟ್ ಎಷ್ಟು ಸಲ ಟಕ್ ಅಂತು. ಮೂರು, ಇಬ್ಬರೂ ಕೂತಾಗ ಹಿಂಭಾಗ ಎಷ್ಟು ಇಳಿಯಿತು, ಅದನ್ನು ಟೇಪಿನಲ್ಲಿ ಅಳೆದೆ. 650ಯಲ್ಲಿ ಹದಿನೆಂಟು ನಿಮಿಷಕ್ಕೇ ಸರಿದೆ. ನೇರವಾಗಿ ಕೂರುವ ಗೆಳೆಯನ 350ಯಲ್ಲಿ ಇಪ್ಪತ್ತೈದು ಇರಬಹುದು, ಆದರೆ ಹೆಲ್ಮೆಟ್ ಹನ್ನೆರಡು ಸಲ ಬಡಿಯಿತು. ಇನ್ನೊಬ್ಬ ಗೆಳೆಯನ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಬ್ಯಾಕ್‌ರೆಸ್ಟ್ ಇರುವ ಸೂಪರ್‌ನೋವಾ ಮಾದರಿ, ಐವತ್ತು ನಿಮಿಷ ದಾಟಿಸಿತು. ಟಕ್ ಅಂದಿದ್ದು ಮೂರೋ ನಾಲ್ಕೋ.

ಮರುವಾರ ಇವಳನ್ನು ಕೂರಿಸಿ ಅದೇ ಪರೀಕ್ಷೆ ಮಾಡಿದೆ. ಗಡಿಯಾರದ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಹಟಕ್ಕೆ ಅಲುಗಾಡದೆ ಕೂರುವವಳು. ನಿಮಿಷಗಳು ಬೇರೆ ಬಂದವು, ಆದರೆ ಗೆದ್ದಿದ್ದು ಅದೇ ಬೈಕು.

ಇನ್ನೊಂದು ಲೆಕ್ಕ ಭಾರದ್ದು. ಮೀಟಿಯರ್ 191 ಕೆ.ಜಿ., 650 ಕ್ರೂಸರ್ ಅಂದರೆ 240ರ ಆಸುಪಾಸು. ಲಾಡ್ಜಿನ ಇಳಿಜಾರು ಪಾರ್ಕಿಂಗಿನಲ್ಲಿ, ಸಾಮಾನು ಕಟ್ಟಿದ ಬೈಕನ್ನು ರಾತ್ರಿ ಒಂಬತ್ತಕ್ಕೆ ಹಿಂದಕ್ಕೆ ತಳ್ಳುವಾಗ ಆ 50 ಕೆ.ಜಿ. ಏನು ಅಂತ ಗೊತ್ತಾಗುತ್ತದೆ. 2021ರ ಮೀಟಿಯರ್, 14 ಸಾವಿರ ಚಿಲ್ಲರೆ ಓಡಿದ್ದು, ಚೌಕಾಸಿ ಮಾಡಿ 1.62 ಲಕ್ಷಕ್ಕೆ ತಂದೆ. "ಇಪ್ಪತ್ತು ಬಿಎಚ್‌ಪಿಯಲ್ಲಿ ಇಬ್ಬರು ರಾಮೇಶ್ವರಕ್ಕಾ?" ಅಂತ ಭಾವಮೈದುನ ಮತ್ತೆ ನಕ್ಕ. ಬಿಎಚ್‌ಪಿ ಅಂದರೆ ಎಂಜಿನ್ನಿನ ಶಕ್ತಿಯ ಲೆಕ್ಕ. ಗಂಟೆಗೆ ಎಂಬತ್ತೈದರಲ್ಲಿ ಹೋದರೆ ಸಾಕು ಅನ್ನುವವನಿಗೆ ಅಷ್ಟು ಬಿಎಚ್‌ಪಿ ಧಾರಾಳ. ಲಾರಿ ಹಿಂದೆ ಹಾಕುವಾಗ ಮಾತ್ರ ಗೇರ್ ಇಳಿಸಿ, ದೂರ ನೋಡಿಕೊಂಡು ಹೋಗಬೇಕು.

ತಂದ ಹಾಗೇ ಬಿಡಲಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರನ್ನು ಗಟ್ಟಿ ಮಾಡಲು ಆರು ಹಂತ ಇದೆ, ನಮಗೆ ನಾಲ್ಕು ಸರಿ. ಐದಕ್ಕೆ ಹಾಕಿ ಆಗುಂಬೆ ಘಾಟಿ ಇಳಿದ ದಿನ ಇವಳು ಸೋಮೇಶ್ವರದವರೆಗೆ ಮಾತಾಡಲಿಲ್ಲ. ಹಿಂದಿನ ಟೈರಿಗೆ ಗಾಳಿ ಇಬ್ಬರಿದ್ದಾಗ 36 ಪಿಎಸ್‌ಐ, ಒಬ್ಬನೇ ಆದರೆ 32. ಸೀಟಿಗೆ ಈ ಸಲ ಎರಡು ಗಟ್ಟಿತನದ ಫೋಮ್ ಹಾಕಿಸಿದೆ, 3,500 ಆಯಿತು. ಯಾವುದು ಮೇಲೆ, ಯಾವುದು ಕೆಳಗೆ, ಎಲ್ಲಿ ಕೊರೆದು ತೆಗೆಸಿದೆ ಅನ್ನುವುದನ್ನು ಹೇಳುವುದಿಲ್ಲ. ಮೂರು ಸೀಟು ಹಾಳುಮಾಡಿ ಕಲಿತದ್ದು ಅದು. ವಿಂಡ್‌ಶೀಲ್ಡಿನ ಆಟ ಬೇರೆ ಆಡಿದೆ. ನಂಬರ್ ಪ್ಲೇಟ್ ಅಂಗಡಿಯಲ್ಲಿ ಅಕ್ರಿಲಿಕ್ ತುಂಡು ಕತ್ತರಿಸಿ ಮೇಲೆ ಜೋಡಿಸಿದೆ, 350 ರೂಪಾಯಿ. ನನ್ನ ಎದೆಗೆ ಗಾಳಿ ತಪ್ಪಿತು, ಆ ಗಾಳಿಯೆಲ್ಲ ನನ್ನ ತಲೆ ಹಾರಿ ಇವಳ ಮುಖಕ್ಕೆ. ಶಿಕಾರಿಪುರ ಮುಟ್ಟುವ ಮೊದಲೇ ಬಿಚ್ಚಿಸಿದಳು. ಈಗ ಅದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮಣೆ.

ರಾಮೇಶ್ವರಕ್ಕೆ ಹೋಗುವಾಗ ಮೂರು ದಿನ ತೆಗೆದುಕೊಂಡೆವು. ಬೆಂಗಳೂರಿನಲ್ಲಿ ನಾದಿನಿ ಮನೆ, ಮಧುರೆಯಲ್ಲಿ ಲಾಡ್ಜು. ಇವಳು ಎಪ್ಪತ್ತು ಕಿಲೋಮೀಟರಿಗೆ ಒಮ್ಮೆ ಟೀ ಕೇಳಿದಳು, ಅದು ಬೆನ್ನಿಗಲ್ಲ, ಟೀಗೇ. ಪಾಂಬನ್ ಸೇತುವೆ ಮೇಲೆ ನಿಧಾನ ಮಾಡಿದಾಗ ಹಿಂದಿನಿಂದ ಗೊರಕೆಯಂಥ ಸದ್ದು ಬಂತು. ಬ್ಯಾಕ್‌ರೆಸ್ಟಿಗೆ ಒರಗಿ ತೂಕಡಿಸುತ್ತಿದ್ದಳು! ಖುಷಿಯೂ ಆಯಿತು, ಜೀವವೂ ಹಾರಿತು. ಜೋರಾಗಿ ಕೂಗಿ ಎಬ್ಬಿಸಿದೆ. "ಟ್ರೈನ್ ಬಂತಾ?" ಅಂದಳು. ಹೋಗಿ ಬಂದು ಪೆಟ್ರೋಲಿಗೆ ಆರು ಸಾವಿರದ ಹತ್ತಿರ, ಲೀಟರಿಗೆ 33 ಕೊಟ್ಟಿತು.

ಹೋದ ವಾರ ಭಾವಮೈದುನ ಫೋನ್ ಮಾಡಿದ್ದ. ಹೆಂಡತಿಯನ್ನು ಕರೆದುಕೊಂಡು ಕೊಡಚಾದ್ರಿ ಕಡೆ ಹೋಗಬೇಕಂತೆ, ಎರಡು ದಿನಕ್ಕೆ ಬೈಕ್ ಬದಲಾಯಿಸಿಕೊಳ್ಳೋಣವಾ ಅಂದ. ಟ್ಯಾಂಕ್ ತುಂಬಿಸಿ ವಾಪಸ್ ಕೊಡುವುದಾದರೆ ಸರಿ ಅಂದಿದ್ದೇನೆ. ಸೀಟು ಬಿಚ್ಚಿ ನೋಡಬಾರದು ಅಂತಲೂ ಹೇಳಿದ್ದೇನೆ.